ಮೊದಲು ಯಾವ ಕೀಲು ನೋಯಿತು?

ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳಿಂದ ನಾವು ಕಳಿಸುವ ಸುದ್ದಿಗಳಲ್ಲಿ ಮಕ್ಕಳ ಗಂಟಲು ನೋವಿಗೆ ಜಾಗವಿಲ್ಲ. ಆನೆ ಬಾಳೆ ತೋಟಕ್ಕೆ ನುಗ್ಗಿದರೆ ಸುದ್ದಿ, ಬಿಳಿಗಿರಿರಂಗನ ಬೆಟ್ಟದ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತರೆ ಸುದ್ದಿ, ರಥೋತ್ಸವಕ್ಕೆ ಜನ ಸೇರಿದರೆ ಫೋಟೊ ಸಮೇತ ಸುದ್ದಿ. ಜೂನ್‌ನಲ್ಲಿ ಶಾಲೆ ಶುರುವಾಗಿ, ಮಳೆಗಾಳಿಗೆ ಒಂದು ಬೆಂಚಿನ ಹುಡುಗರೆಲ್ಲ ಗಂಟಲು ಹಿಡಿದುಕೊಂಡು ಕೂತರೆ ಅದನ್ನು ಯಾರೂ ಬರೆಯುವುದಿಲ್ಲ. ಉಪ್ಪುನೀರು ಮುಕ್ಕಳಿಸಿ, ಮೆಣಸಿನ ಕಷಾಯ ಕುಡಿದರೆ ಮೂರ್ನಾಲ್ಕು ದಿನಕ್ಕೆ ಹೋಗುತ್ತದೆ ಅನ್ನುತ್ತಾರೆ. ಬಹುಪಾಲು ಹೋಗಿಯೂ ಬಿಡುತ್ತದೆ, ಯಾಕೆಂದರೆ ಬಹುಪಾಲು ಗಂಟಲು ನೋವು ವೈರಸ್ಸಿನದು. ಉಳಿದದ್ದರಲ್ಲಿ ಒಂದಷ್ಟು ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದಕ್ಕೆ ಔಷಧಿ ಕೊಡದೆ ಬಿಟ್ಟರೂ ನೂರು ಮಕ್ಕಳಲ್ಲಿ ಹೆಚ್ಚೆಂದರೆ ಮೂವರಿಗೆ, ಎರಡು ಮೂರು ವಾರ ಕಳೆದು ಗಂಟಲು ನೋವು ಮರೆತೇ ಹೋದ ಮೇಲೆ, ಇನ್ನೊಂದು ಕಾಯಿಲೆ ತಲೆಯೆತ್ತುತ್ತದೆ. ಅದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದೊಳಗಿನ ಮಕ್ಕಳಲ್ಲೇ ಹೆಚ್ಚು. ಆ ಮೂವರನ್ನು ಗುರುತು ಹಿಡಿಯುವುದು ಹೇಗೆ, ಯಾಕೆ ಕಷ್ಟ ಎಂಬುದನ್ನು ಬರೆಯಲು ಹೊರಟಿದ್ದೇವೆ.

ಕನ್ನಡದಲ್ಲಿ ಇದಕ್ಕೆ ಸಂಧಿವಾತ ಜ್ವರ ಅನ್ನುತ್ತಾರೆ. ಹೆಸರೇ ಅರ್ಧ ಕೆಲಸ ಕೆಡಿಸಿದೆ. ಒಮ್ಮೆ ಶಾಲಾ ಮಕ್ಕಳ ಆರೋಗ್ಯ ತಪಾಸಣೆ ಬಗ್ಗೆ ನಾವು ಕಳಿಸಿದ್ದ ಸುದ್ದಿಯಲ್ಲಿ ‘ರುಮ್ಯಾಟಿಕ್ ಜ್ವರ’ ಎಂದಿತ್ತು. ಓದುಗರಿಗೆ ಅರ್ಥವಾಗಲಿ ಎಂದು ಡೆಸ್ಕಿನವರು ‘ಸಂಧಿವಾತ’ ಎಂದು ತಿದ್ದಿದರು. ಮಾರನೇ ದಿನ ಟೀ ಅಂಗಡಿಯಲ್ಲಿ ಪೇಪರ್ ಮಡಚಿಟ್ಟ ಹಿರಿಯರೊಬ್ಬರು, “ಏನಪ್ಪಾ, ಮಕ್ಕಳಿಗೂ ವಾತ ಬತ್ತದ? ಹರಳೆಣ್ಣೆ ತಿಕ್ಕಿ ಬಿಸಿನೀರು ಉಯ್ದ್ರೆ ಸರಿಹೋಯ್ತದ ಬುಡು” ಅಂದರು. ವಾತ ಎಂದರೆ ನಮ್ಮ ಕಡೆ ಮುದುಕರ ಮಂಡಿನೋವು. ಅದರಿಂದ ಯಾರೂ ಸಾಯುವುದಿಲ್ಲ. 2006ರಲ್ಲಿ ರಾಜ್ಯದಲ್ಲೆಲ್ಲ ಚಿಕುನ್‌ಗುನ್ಯಾ ಹಬ್ಬಿದಾಗಿನಿಂದ ಇನ್ನೊಂದು ತೊಡಕು ಸೇರಿಕೊಂಡಿದೆ. ಜ್ವರ, ಕೀಲುನೋವು ಎರಡೂ ಒಟ್ಟಿಗೆ ಬಂದರೆ ಸಾಕು, ಡಾಕ್ಟರ ಬಳಿ ಹೋಗುವ ಮೊದಲೇ ಮನೆಯವರು ಚಿಕುನ್‌ಗುನ್ಯಾ ಎಂದು ತೀರ್ಮಾನ ಮಾಡಿರುತ್ತಾರೆ.

ಒಳಗೆ ನಡೆಯುವುದು ಬೇರೆಯೇ. ಗಂಟಲಿನ ಬ್ಯಾಕ್ಟೀರಿಯಾ ಎದುರಿಸಲು ದೇಹ ಪ್ರತಿಕಾಯಗಳನ್ನು ತಯಾರು ಮಾಡುತ್ತದೆ. ಆ ಬ್ಯಾಕ್ಟೀರಿಯಾದ ಕೆಲವು ಭಾಗಗಳಿಗೂ ನಮ್ಮ ಹೃದಯ, ಕೀಲು, ಮಿದುಳಿನ ಕೆಲವು ಭಾಗಗಳಿಗೂ ಹೋಲಿಕೆಯಿದೆ. ದೇಹ ತನ್ನದನ್ನೇ ಶತ್ರು ಎಂದು ತಿಳಿದು ಮೇಲೆ ಬೀಳುತ್ತದೆ. ಕೀಲು ಊದುತ್ತದೆ, ಸುಡುತ್ತದೆ, ಮಗು ಹೊದಿಕೆ ತಗುಲಿದರೂ ಕಿರುಚುವಷ್ಟು ನೋಯುತ್ತದೆ. ಆದರೆ ಕೆಲವೇ ದಿನಕ್ಕೆ ಇಳಿದುಹೋಗುತ್ತದೆ, ಕೀಲಿನಲ್ಲಿ ಒಂದು ಗುರುತೂ ಉಳಿಯುವುದಿಲ್ಲ. ಹೃದಯದ ಕವಾಟಕ್ಕೆ, ಅದರಲ್ಲೂ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟಕ್ಕೆ ಪೆಟ್ಟು ಬಿದ್ದರೆ ಅದು ಹಾಗೆ ಇಳಿಯುವುದಿಲ್ಲ. ಗಂಟಲು ನೋವು ಮತ್ತೆ ಬಂದಾಗಲೆಲ್ಲ ಹಳೇ ಗಾಯದ ಮೇಲೆ ಹೊಸ ಗಾಯ ಆಗುತ್ತದೆ. ಕವಾಟ ದಪ್ಪಗಾಗಿ, ಅಂಟಿಕೊಂಡು, ಕೊನೆಗೆ ಸರಿಯಾಗಿ ತೆರೆಯುವುದಿಲ್ಲ, ಇಲ್ಲವೇ ಸರಿಯಾಗಿ ಮುಚ್ಚುವುದಿಲ್ಲ. ಆ ಹೊತ್ತಿಗೆ ಅದಕ್ಕೆ ರುಮ್ಯಾಟಿಕ್ ಹೃದ್ರೋಗ ಎಂಬ ಹೆಸರು ಬಂದಿರುತ್ತದೆ.

ನಮಗೆ ಇದು ಹತ್ತಿರದಿಂದ ಗೊತ್ತಾದದ್ದು ಅಕ್ಕನ ಮಗಳಿಂದ. ಬೆಟ್ಟದ ಬುಡದ ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇವೆ. ಹುಡುಗಿಗೆ 11 ವರ್ಷ, ಆರನೇ ಕ್ಲಾಸು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಬಲಗಾಲಿನ ಹರಡು ಊದಿತ್ತು. ಖೋ ಖೋ ಆಡುವಾಗ ಉಳುಕಿರಬೇಕು ಎಂದು ಅಕ್ಕ ಉಳುಕು ತೆಗೆಯುವವರ ಹತ್ತಿರ ನೀವಿಸಿಕೊಂಡು ಬಂದಳು. ನಾಲ್ಕು ದಿನಕ್ಕೆ ಹರಡಿನ ಊತ ಇಳಿಯಿತು, ನೀವಿದವರಿಗೆ ಒಳ್ಳೇ ಹೆಸರು ಬಂತು. ಅಷ್ಟರಲ್ಲಿ ಎಡ ಮಂಡಿ ಊದಿಕೊಂಡಿತು. ಈ ಸಲ ಜ್ವರವೂ ಇತ್ತು. ಭಾವ ಪಟ್ಟಣದ ಒಂದು ಕ್ಲಿನಿಕ್ಕಿಗೆ ಬೈಕಿನಲ್ಲಿ ಕೂರಿಸಿಕೊಂಡು ಹೋದರು. ನೋವಿನ ಇಂಜೆಕ್ಷನ್ ಕೊಟ್ಟರು, ಮೂರು ದಿನಕ್ಕೆ ಮಾತ್ರೆ ಬರೆದರು. ಸಂಜೆಗೆಲ್ಲ ಹುಡುಗಿ ಎದ್ದು ಓಡಾಡಿದಳು. ವಾರ ಬಿಟ್ಟು ಮತ್ತೆ ಜ್ವರ ಬಂದಾಗ ರಕ್ತ ಪರೀಕ್ಷೆ ಆಯಿತು. ‘ಎಎಸ್‌ಒ ಜಾಸ್ತಿ ಇದೆ, ವಾತದ ರಕ್ತ’ ಎಂದು ಹೇಳಿ ಇನ್ನೈದು ದಿನದ ಮಾತ್ರೆ ಕೊಟ್ಟು ಕಳಿಸಿದರು. ಮಾತ್ರೆ ಮುಗಿಯಿತು, ನೋವು ಹೋಯಿತು. “ಇನ್ನೇನು, ವಾಸಿ ಆಯ್ತಲ್ಲ” ಅಂದಳು ಅಕ್ಕ.

ಸೆಪ್ಟೆಂಬರಿನಲ್ಲಿ ಹುಡುಗಿ ಸೈಕಲ್ಲು ತುಳಿಯಲು ಸುಸ್ತು ಅನ್ನತೊಡಗಿದಳು. ಕಳ್ಳಾಟ ಅಂದುಕೊಂಡರು. ಒಂದು ರಾತ್ರಿ ಮಗಳನ್ನು ತಬ್ಬಿ ಮಲಗಿದ್ದ ಅಕ್ಕನಿಗೆ, ನಿದ್ದೆಯಲ್ಲೂ ಅವಳ ಎದೆ ಡವಡವ ಹೊಡೆದುಕೊಳ್ಳುವುದು ಕೈಗೆ ತಿಳಿಯಿತು. ಬೆಳಿಗ್ಗೆ ನಮಗೆ ಫೋನು ಬಂತು. ಪೇಪರಿನವರಿಗೆ ಎಲ್ಲ ಡಾಕ್ಟರೂ ಪರಿಚಯ ಇರುತ್ತಾರೆ ಎಂಬುದು ನಮ್ಮ ಮನೆಯವರ ನಂಬಿಕೆ. ಪರಿಚಯ ಅನ್ನುವುದಕ್ಕಿಂತ, ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಯಾವ ವಾರ ಇರುತ್ತಾರೆ ಎಂಬುದು ನಮಗೆ ಗೊತ್ತಿತ್ತು. ಅಷ್ಟೇ ಸಾಕಾಯಿತು.

ಆ ಡಾಕ್ಟರಮ್ಮ ಹಳೇ ಚೀಟಿಗಳನ್ನು ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, “ಮೊದಲು ಯಾವ ಕೀಲು ನೋಯಿತು?” ಆಮೇಲೆ ಯಾವುದು? ಎರಡನೆಯದು ಶುರುವಾಗುವ ಹೊತ್ತಿಗೆ ಮೊದಲಿನದು ಇಳಿದಿತ್ತಾ? ನೋವಿನ ಮಾತ್ರೆ ಕೊಟ್ಟದ್ದು ಯಾವಾಗ, ಕೊಟ್ಟ ಎಷ್ಟು ಹೊತ್ತಿಗೆ ಕಡಿಮೆಯಾಯಿತು? ಅದಕ್ಕೂ ಮೂರು ವಾರ ಹಿಂದೆ ಗಂಟಲು ನೋವು ಬಂದಿತ್ತಾ? ಅಕ್ಕ ಇಲ್ಲ ಅಂದಳು. ಮನೆಯಲ್ಲಿ ಬೇರೆ ಯಾರಿಗಾದರೂ? ಆಗ ಅಕ್ಕನಿಗೆ ನೆನಪಾಯಿತು. ಚಿಕ್ಕ ಮಗನಿಗೆ ಗಂಟಲು ಊದಿ ಎರಡು ದಿನ ಮುದ್ದೆ ನುಂಗಲು ಆಗಿರಲಿಲ್ಲ, ಭೀಮನ ಅಮಾವಾಸ್ಯೆ ಆಸುಪಾಸು. ಇವಳೂ ಅವತ್ತು ಜ್ವರ ಎಂದು ಒಂದು ದಿನ ಮಲಗಿದ್ದಳು. ಮಕ್ಕಳಿಬ್ಬರೂ ಒಂದೇ ಚಾಪೆ, ಒಂದೇ ಹೊದಿಕೆ.

ಹೊರಗೆ ಕಾರಿಡಾರ್ ತುಂಬ ಜನ. ಒಳಗೆ ಕಾಲು ಗಂಟೆ ಬರೀ ಮಾತು. ಆಮೇಲೆ ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತೊಸ್ಕೋಪ್ ಇಟ್ಟು, ನರ್ಸಿಗೆ ಬಾಗಿಲು ಹಾಕಲು ಹೇಳಿ ಬಹಳ ಹೊತ್ತು ಕೇಳಿಸಿಕೊಂಡರು. ಇಸಿಜಿ, ಇಎಸ್‌ಆರ್, ಸಿಆರ್‌ಪಿ ಆಯಿತು. ಎಕೊ ಮಾಡಿಸಲು ಮೈಸೂರಿನ ಜಯದೇವ ಆಸ್ಪತ್ರೆಗೆ ಬರೆದುಕೊಟ್ಟರು. ಮೈಟ್ರಲ್ ಕವಾಟದಲ್ಲಿ ಸೋರಿಕೆ ಇತ್ತು. ಸ್ವಲ್ಪವೇ, ಆದರೆ ಇತ್ತು.

ನಮ್ಮ ಡಿಪ್ಲೊಮಾ ತರಗತಿಯಲ್ಲಿ ಏನು, ಎಲ್ಲಿ, ಯಾವಾಗ, ಯಾರು, ಯಾಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಉರು ಹೊಡೆಸಿದ್ದರು. ಈ ಕಾಯಿಲೆಯಲ್ಲಿ ‘ಯಾವಾಗ’ ಎಂಬ ಒಂದರ ಮೇಲೆ ಎಲ್ಲ ನಿಂತಿದೆ ಎಂದು ಆ ಕೋಣೆಯಲ್ಲಿ ಕೂತಾಗ ಅನ್ನಿಸಿತು. ರುಮ್ಯಾಟಿಕ್ ಜ್ವರವನ್ನು ಹೌದು ಅಥವಾ ಇಲ್ಲ ಎಂದು ಹೇಳುವ ಒಂದೇ ಒಂದು ಪರೀಕ್ಷೆ ಇಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿದ್ದ ಡಕೆಟ್ ಜೋನ್ಸ್ ಎಂಬ ವೈದ್ಯ 1944ರಲ್ಲಿ ಒಂದು ಪಟ್ಟಿ ಮಾಡಿದರು. ಹಲವು ಸಲ ತಿದ್ದುಪಡಿಯಾಗಿ ಇವತ್ತಿಗೂ ಅದೇ ಬಳಕೆಯಲ್ಲಿದೆ. ದೊಡ್ಡ ಲಕ್ಷಣ ಐದು: ಹೃದಯದ ಉರಿಯೂತ, ಒಂದರಿಂದ ಇನ್ನೊಂದಕ್ಕೆ ದಾಟುವ ಕೀಲೂತ, ಕೈಕಾಲು ತಾನಾಗಿ ಕುಣಿಯುವ ಕೊರಿಯಾ, ಚರ್ಮದ ಮೇಲೆ ಬಳೆಯಂತೆ ಅಂಚು ಕಟ್ಟುವ ಕೆಂಪು ಗುರುತು, ಮೂಳೆಯುಬ್ಬಿನ ಮೇಲೆ ನೋವಿಲ್ಲದ ಸಣ್ಣ ಗಂಟು. ಕಡೆಯ ಎರಡು ಅಪರೂಪ, ಕಪ್ಪು ಚರ್ಮದ ಮೇಲೆ ಆ ಕೆಂಪು ಕಾಣುವುದೂ ಕಷ್ಟ. ಜ್ವರ, ಇಎಸ್‌ಆರ್ ಏರಿಕೆ, ಇಸಿಜಿಯಲ್ಲಿ ಕಾಣುವ ಒಂದು ಬಗೆಯ ವಿಳಂಬ ಇವು ಚಿಕ್ಕ ಲಕ್ಷಣ. ಎರಡು ದೊಡ್ಡವು, ಇಲ್ಲವೇ ಒಂದು ದೊಡ್ಡದು ಮತ್ತು ಎರಡು ಚಿಕ್ಕವು ಇರಬೇಕು. ಜೊತೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ಬಂದು ಹೋದದ್ದಕ್ಕೆ ಸಾಕ್ಷಿ ಬೇಕು.

2015ರ ತಿದ್ದುಪಡಿಯಲ್ಲಿ ನಮ್ಮಂಥ ಊರುಗಳಿಗೆ ಮುಖ್ಯವಾದ ಒಂದು ಬದಲಾವಣೆ ಆಯಿತು. ಕಾಯಿಲೆ ಹೆಚ್ಚಿರುವ ಕಡೆ ಅಳತೆ ಸಡಿಲ ಮಾಡಿದರು. ಅಂಥ ಕಡೆ ಒಂದೇ ಕೀಲು ಊದಿದ್ದರೂ, ಊತವೇ ಇಲ್ಲದೆ ಹಲವು ಕೀಲು ನೋಯುತ್ತಿದ್ದರೂ, ಬೇರೆ ಕಾರಣ ಸಿಗದಿದ್ದರೆ ದೊಡ್ಡ ಲಕ್ಷಣ ಎಂದೇ ಎಣಿಸಬಹುದು. ಕಿವಿಗೆ ಏನೂ ಕೇಳಿಸದಿದ್ದರೂ ಎಕೊದಲ್ಲಿ ಕವಾಟದ ಸೋರಿಕೆ ಕಂಡರೆ ಅದೂ ಲೆಕ್ಕಕ್ಕೆ ಬರುತ್ತದೆ.

ಇಲ್ಲಿಯೇ ನೋವಿನ ಇಂಜೆಕ್ಷನ್ನಿನ ವಿಷಯ ಹೇಳಬೇಕು. ಕೀಲಿನಿಂದ ಕೀಲಿಗೆ ದಾಟುವುದೇ ಈ ಜ್ವರದ ದೊಡ್ಡ ಗುರುತು. ಆಸ್ಪಿರಿನ್, ಡೈಕ್ಲೊಫಿನಾಕ್ ಥರದ ಔಷಧಿಗೆ ಈ ನೋವು ಮಂತ್ರ ಹಾಕಿದ ಹಾಗೆ ಇಳಿಯುತ್ತದೆ. ಮೊದಲ ಕೀಲಿಗೇ ಕೊಟ್ಟುಬಿಟ್ಟರೆ ಎರಡನೆಯದಕ್ಕೆ ದಾಟುವುದು ಕಾಣುವುದೇ ಇಲ್ಲ. ಆದ್ದರಿಂದ ಇಂಥ ಅನುಮಾನ ಇದ್ದಾಗ ರೋಗ ಖಚಿತವಾಗುವ ತನಕ ಪ್ಯಾರಾಸಿಟಮಾಲ್‌ನಲ್ಲೇ ತಡೆದುಕೊಳ್ಳಿ ಎಂದು ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ದಿನಗೂಲಿ ಬಿಟ್ಟು ಬಂದ ಅಪ್ಪನಿಗೆ, ಒಂದೇ ಸೂಜಿಗೆ ಮಗು ನಗಬೇಕು ಎಂಬ ಆಸೆ. ಆ ಆಸೆ ಪೂರೈಸದ ಕ್ಲಿನಿಕ್ಕು ನಮ್ಮ ಕಡೆ ನಡೆಯುವುದಿಲ್ಲ ಎಂಬುದೂ ನಿಜ.

ಎಎಸ್‌ಒ ಪರೀಕ್ಷೆಯನ್ನು ನಮ್ಮ ಪಟ್ಟಣಗಳ ಲ್ಯಾಬುಗಳಲ್ಲಿ ‘ವಾತದ ಪರೀಕ್ಷೆ’ ಎಂದೇ ಕರೆಯುತ್ತಾರೆ. ಅದು ಹೇಳುವುದು ಇಷ್ಟೇ: ಇತ್ತೀಚೆಗೆ ಈ ದೇಹಕ್ಕೆ ಸ್ಟ್ರೆಪ್ಟೊಕಾಕಸ್ ಬಂದು ಹೋಗಿದೆ. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲೂ ಅದು ಏರಿರಬಹುದು. ಹೀಗಾಗಿ ಬರೀ ಎಎಸ್‌ಒ ಏರಿದ್ದಕ್ಕೆ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚಿಸಿಕೊಂಡ ಮಕ್ಕಳಿದ್ದಾರೆ. ಇನ್ನೊಂದು ಕಡೆ, ರುಮ್ಯಾಟಿಕ್ ಜ್ವರ ಇರುವ ಐವರಲ್ಲಿ ಒಬ್ಬರಿಗಾದರೂ ಅದು ಏರಿರುವುದಿಲ್ಲ. ‘ನಾರ್ಮಲ್ ಬಂದಿದೆ, ಹೋಗಿ’ ಎಂದು ಅವರನ್ನು ಕಳಿಸಿಬಿಟ್ಟರೆ ಕಥೆ ಮುಗಿಯಿತು. ಚೀಟಿಯ ಮೇಲಿನ ಒಂದು ಸಂಖ್ಯೆ ನೋಡಿ ತೀರ್ಮಾನಿಸುವುದಾದರೆ ಡಾಕ್ಟರೇ ಬೇಕಾಗಿರಲಿಲ್ಲ.

ಬೆಟ್ಟದ ಮೇಲಕ್ಕೆ ಹೋದರೆ ಲೆಕ್ಕ ಇನ್ನೂ ಗೋಜಲು. ಸೋಲಿಗರ ಪೋಡುಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುವ, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಡುವ ಕಾಯಿಲೆ. ಡಾ. ಎಚ್. ಸುದರ್ಶನ್ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಇದೆ. ಸೋಲಿಗರ ಸಿಕಲ್ ಸೆಲ್ ಬಗ್ಗೆ ಅವರು ಕೆಲಸ ಮಾಡುತ್ತಾ ಬಂದಿದ್ದಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ ಮೇಲೆ ಬುಡಕಟ್ಟು ಜನರ ಕೈಗೆ ಸಿಕಲ್ ಸೆಲ್ ಕಾರ್ಡು ಬರತೊಡಗಿದೆ. ಒಳ್ಳೆಯದೇ. ಆದರೆ ಎರಡು ಕಾಯಿಲೆಗಳ ಹೊರಗಿನ ರೂಪ ನೋಡಿ. ಸಿಕಲ್ ಸೆಲ್ ಮಗುವಿಗೂ ಕೈಕಾಲು ನೋವು, ಕೆಲವೊಮ್ಮೆ ಊತ, ಜ್ವರ ಬರುತ್ತದೆ. ರಕ್ತ ಕಡಿಮೆ ಇರುವುದರಿಂದ ಹೃದಯದಲ್ಲಿ ‘ಮರ್ಮರ್’ ಎಂಬ ಸದ್ದೂ ಕೇಳಿಸುತ್ತದೆ. ರುಮ್ಯಾಟಿಕ್ ಜ್ವರದಲ್ಲೂ ಇವೇ. ಇಎಸ್‌ಆರ್ ನೋಡೋಣ ಎಂದರೆ, ಕುಡುಗೋಲು ಕಣಗಳು ಒಂದರ ಮೇಲೊಂದು ಪೇರಿಸಿಕೊಳ್ಳದ ಕಾರಣ ಸಿಕಲ್ ಸೆಲ್ ಇರುವವರಲ್ಲಿ ಅದು ಸುಳ್ಳೇ ಕಡಿಮೆ ತೋರಿಸಬಹುದು. ಬೇರೆ ಕಾರಣದ ರಕ್ತಹೀನತೆಯಲ್ಲಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಅಲ್ಲಿ ಸಿಆರ್‌ಪಿ ಮತ್ತು ಎಕೊ ಹೆಚ್ಚು ನಂಬಿಕೆಗೆ ಅರ್ಹ.

ಕಾರ್ಡಿನ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸಿಕಲ್ ಸೆಲ್ ವಾಹಕ ಬೇರೆ, ರೋಗಿ ಬೇರೆ. ಅಪ್ಪ ಅಥವಾ ಅಮ್ಮ ಒಬ್ಬರಿಂದ ಮಾತ್ರ ಬಂದಿದ್ದರೆ ಮಗು ವಾಹಕ, ಅಂಥ ಮಗುವಿಗೆ ಸಾಮಾನ್ಯವಾಗಿ ಕೀಲುನೋವು ಬರುವುದಿಲ್ಲ. ಪೋಡಿನ ವಾಹಕ ಮಗು ಮಂಡಿ ಊದಿಸಿಕೊಂಡು ಬಂದರೆ ‘ಸಿಕಲ್ ಸೆಲ್ ಅಲ್ವಾ, ಅದಕ್ಕೇ’ ಎಂದು ಕಾರ್ಡಿನ ಮೇಲೆ ಹೊರಿಸಿ ಕಳಿಸುವ ಹಾಗಿಲ್ಲ. ಆಶ್ರಮ ಶಾಲೆಯ ಒಂದು ಹಾಲಿನಲ್ಲಿ ಮಕ್ಕಳು ಸಾಲಾಗಿ ಮಲಗುತ್ತಾರೆ, ಕೆಮ್ಮಿದ ಒಬ್ಬನಿಂದ ಗಂಟಲಿನ ಸೋಂಕು ಇಡೀ ಸಾಲಿಗೆ ಹರಡಲು ಎಷ್ಟು ದಿನ ಬೇಕು? ಪಕ್ಕದ ಹಾಸಿಗೆಯವನಿಗೆ ಗಂಟಲು ನೋವಿತ್ತಾ ಎಂದು ಕೇಳಬೇಕಾದ್ದು ವಾರ್ಡನ್ನನ್ನು. ಮನೆಯವರು ಪೋಡಿನಲ್ಲಿದ್ದು ಅವರಿಗೆ ಏನೂ ಗೊತ್ತಿರುವುದಿಲ್ಲ. ಕಾಡಿನ ಚೆಕ್‌ಪೋಸ್ಟಿನ ಗೇಟು ಹಾಕುವ ಮೊದಲು ಯಳಂದೂರಿಗಿಳಿದು, ಅಲ್ಲಿಂದ ಚಾಮರಾಜನಗರವೋ ಮೈಸೂರೋ ಎಂದು ಓಡಾಡಿ ಎಕೊ ಮಾಡಿಸಿ ಬರುವುದು ಕೂಲಿ ಮಾಡುವವರಿಗೆ ಎರಡು ದಿನದ ಕೆಲಸ.

ಕೊರಿಯಾ ಬಗ್ಗೆ ಸ್ವಲ್ಪ ಹೆಚ್ಚಿಗೆ ಬರೆಯುತ್ತೇವೆ, ಯಾಕೆಂದರೆ ನಮ್ಮ ತಾಲ್ಲೂಕಿನ ಹೆಸರೂ ಇದರಲ್ಲಿ ಸಿಕ್ಕಿಕೊಂಡಿದೆ. ಕೊಳ್ಳೇಗಾಲ ಎಂದರೆ ಹೊರಗಿನವರಿಗೆ ರೇಷ್ಮೆಗಿಂತ ಮೊದಲು ಮಾಟಮಂತ್ರ ನೆನಪಾಗುತ್ತದೆ. ಗಾಳಿ ಸೋಕಿದೆ ಎಂದು ಮಕ್ಕಳನ್ನು ಕರೆತರುವವರು ಇವತ್ತಿಗೂ ಬರುತ್ತಾರೆ. ಗಂಟಲು ನೋವು ಬಂದು ಒಂದರಿಂದ ಆರು ತಿಂಗಳ ನಂತರ, ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ, ಕೈಕಾಲು ಮುಖ ತಮಗೆ ತಾವೇ ಅಲುಗಾಡಲು ಶುರುವಾಗುತ್ತದೆ. ಲೋಟ ಕೈಜಾರುತ್ತದೆ. ಮುಖ ಸೊಟ್ಟ ಮಾಡುತ್ತಾಳೆ, ನಾಲಿಗೆ ಹೊರಗೆ ಹಾಕು ಅಂದರೆ ಹಾವಿನ ಹಾಗೆ ಒಳಗೆಳೆದುಕೊಳ್ಳುತ್ತಾಳೆ. ಇದ್ದಕ್ಕಿದ್ದಂತೆ ಅಳುತ್ತಾಳೆ. ನಿದ್ದೆ ಹತ್ತಿದರೆ ಎಲ್ಲ ನಿಲ್ಲುತ್ತದೆ. ಮನೆಯಲ್ಲಿ ‘ಗಾಳಿ’ ಅನ್ನುತ್ತಾರೆ, ಶಾಲೆಯಲ್ಲಿ ‘ಚೇಷ್ಟೆ’ ಎಂದು ಬೈಸಿಕೊಳ್ಳುತ್ತಾಳೆ. ತಿಂಗಳುಗಳು ಕಳೆದಿರುವುದರಿಂದ ಎಎಸ್‌ಒ ಕೂಡ ಇಳಿದಿರಬಹುದು. ಬೇರೆ ಕಾರಣ ಇಲ್ಲ ಎಂದು ಖಚಿತವಾದರೆ ಕೊರಿಯಾ ಒಂದೇ ರುಮ್ಯಾಟಿಕ್ ಜ್ವರ ಎನ್ನಲು ಸಾಕು.

ಇದನ್ನು ಮೊದಲು ಹಿಡಿಯಬಲ್ಲವರು ಮೇಷ್ಟ್ರು. ಜೂನ್‌ನಲ್ಲಿ ಗೆರೆ ಮೇಲೆ ದುಂಡಗೆ ಬರೆಯುತ್ತಿದ್ದ ಹುಡುಗಿಯ ಅಕ್ಷರ ಅಕ್ಟೋಬರಿನಲ್ಲಿ ಗೆರೆ ಬಿಟ್ಟು ಎಗರಾಡುತ್ತಿದ್ದರೆ, ಕಾಪಿ ಪುಸ್ತಕದ ಎರಡು ಹಾಳೆ ಅಕ್ಕಪಕ್ಕ ಇಟ್ಟರೆ ಸಾಕು. ವೈದ್ಯರು ಮಾಡುವ ಇನ್ನೊಂದು ಪರೀಕ್ಷೆ ಹಳ್ಳಿಯವರಿಗೆ ಥಟ್ಟನೆ ಅರ್ಥವಾಗುತ್ತದೆ. ನನ್ನ ಎರಡು ಬೆರಳು ಬಿಗಿಯಾಗಿ ಹಿಡಿದುಕೋ ಎಂದು ಮಗುವಿಗೆ ಹೇಳುತ್ತಾರೆ. ಕೊರಿಯಾ ಇದ್ದರೆ ಹಿಡಿತ ಒಂದೇ ಸಮ ಇರುವುದಿಲ್ಲ. ಬಿಗಿ, ಸಡಿಲ, ಬಿಗಿ, ಸಡಿಲ. ಹಸುವಿನ ಕೆಚ್ಚಲು ಹಿಡಿದು ಹಾಲು ಕರೆದ ಹಾಗೆ. ವೈದ್ಯರ ಭಾಷೆಯಲ್ಲೂ ಅದಕ್ಕೆ ಹಾಲು ಕರೆಯುವವಳ ಹಿಡಿತ ಎಂದೇ ಹೆಸರು. ಮೂಗುದಾರ, ಕೆಚ್ಚಲು ತಿಳಿದ ನಮ್ಮ ಊರಿನ ಯಾವ ತಾಯಿಯೂ ಮನೆಯಲ್ಲೇ ಮಾಡಿ ನೋಡಬಹುದಾದದ್ದು ಇದು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗ ಇದೆ. ತಂಡ ವ್ಯಾನಿನಲ್ಲಿ ಶಾಲೆಗೆ ಬಂದು ತೂಕ, ಹಲ್ಲು, ಕಣ್ಣು ನೋಡಿ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಹೋಗುತ್ತದೆ. ಪಕ್ಕದಲ್ಲಿ ಆಟದ ಬೆಲ್ಲು, ಗಲಾಟೆ. ಸಣ್ಣ ಸೋರಿಕೆಯ ಸದ್ದು ಆ ಗದ್ದಲದಲ್ಲಿ ಸಿಗುವುದಿಲ್ಲ. ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲಾ ಮಕ್ಕಳನ್ನು ಎಕೊ ಇಟ್ಟು ನೋಡಿದಾಗ, ಬರೀ ಕಿವಿಯಿಂದ ಸಿಕ್ಕಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಕವಾಟದ ಕಾಯಿಲೆ ಕಂಡಿತು ಎಂದು 2007ರಲ್ಲಿ ವರದಿಯಾಯಿತು. ಹಾಗೆ ಸಿಕ್ಕ ಮಕ್ಕಳಿಗೆ ಪೆನಿಸಿಲಿನ್ ಕೊಟ್ಟರೆ ಪ್ರಯೋಜನ ಇದೆಯೇ ಎಂದು ಉಗಾಂಡದಲ್ಲಿ 800ಕ್ಕೂ ಹೆಚ್ಚು ಮಕ್ಕಳ ಮೇಲೆ ಎರಡು ವರ್ಷ ನೋಡಿದರು. ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನಕ್ಕೆ ಕಾಯಿಲೆ ಮುಂದುವರಿಯಿತು, ಪಡೆಯದವರಲ್ಲಿ ಎಂಟು ಜನಕ್ಕೆ. ಆ ಫಲಿತಾಂಶ 2021ರಲ್ಲಿ ಬಂತು. ಒಂದು ಎಕೊ ಯಂತ್ರ ಈಗ ಚೀಲದಲ್ಲಿ ಹಿಡಿಯುವಷ್ಟು ಚಿಕ್ಕದು. ನಮ್ಮ ವ್ಯಾನಿನಲ್ಲೂ ಅದು ಇದ್ದರೆ ಎಂದು ಕೇಳುವುದು ದೊಡ್ಡ ಆಸೆಯೇನಲ್ಲ.

ಗುರುತು ಹಿಡಿದ ಮೇಲಿನ ಔಷಧಿ ಬಹಳ ಹಳೆಯದು, ಅಗ್ಗದ್ದು. ಬೆಂಜಥೈನ್ ಪೆನಿಸಿಲಿನ್. ತೂಕ ನೋಡಿ 6 ಲಕ್ಷ ಅಥವಾ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ ಸೊಂಟದ ಸ್ನಾಯುವಿಗೆ. ಆಗಿರುವ ಗಾಯವನ್ನು ಅದು ಮಾಯಿಸುವುದಿಲ್ಲ, ಮುಂದಿನ ಗಂಟಲು ಸೋಂಕು ಬಾರದಂತೆ ಕಾಯುತ್ತದೆ. ಹೃದಯಕ್ಕೆ ಏನೂ ಆಗಿಲ್ಲದಿದ್ದರೆ 5 ವರ್ಷ ಅಥವಾ 18 ತುಂಬುವ ತನಕ, ಯಾವುದು ಹೆಚ್ಚೋ ಅದು. ಕವಾಟಕ್ಕೆ ಸ್ವಲ್ಪ ಪೆಟ್ಟಾಗಿದ್ದರೆ 10 ವರ್ಷ ಅಥವಾ 25 ತುಂಬುವ ತನಕ. ಹೆಚ್ಚೇ ಆಗಿದ್ದರೆ 40ರವರೆಗೆ ಅಥವಾ ಬದುಕಿರುವಷ್ಟೂ ಕಾಲ. ನಮ್ಮ ಹುಡುಗಿಗೆ ಇನ್ನು 14 ವರ್ಷ. ವರ್ಷಕ್ಕೆ 17ರಂತೆ ಹಿಡಿದರೆ ಸುಮಾರು 240 ಸೂಜಿ. ಇದನ್ನು ಕೂಡಿಸಿ ಹೇಳಿದಾಗ ಭಾವ ಸುಮ್ಮನೆ ಗೋಡೆ ನೋಡುತ್ತಾ ಕೂತರು.

ಸೂಜಿಯೂ ಸಣ್ಣದಲ್ಲ. ಔಷಧಿ ಹಾಲಿನಂತೆ ಮಂದ, ಚೆನ್ನಾಗಿ ಕುಲುಕಿ ತಕ್ಷಣ ಕೊಡದಿದ್ದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಎರಡು ದಿನ ಕುಂಟಬೇಕು. ಪೆನಿಸಿಲಿನ್ ಅಲರ್ಜಿಯಿಂದ ತೀರಾ ಅಪರೂಪಕ್ಕೆ ಜೀವಕ್ಕೇ ಅಪಾಯ ಆಗಬಹುದಾದ್ದರಿಂದ, ‘ನಮ್ಮಲ್ಲಿ ಕೊಡಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಎನ್ನುವ ಕಡೆಗಳಿವೆ. ನಾವೇ ಅಂಥ ಒಂದು ಬಾಗಿಲಿನಿಂದ ಹಿಂದಿರುಗಿದ್ದೇವೆ. ಎಚ್ಚರಿಕೆ ತಪ್ಪಲ್ಲ. ಆದರೆ ಅಡ್ರಿನಲಿನ್ ಇಟ್ಟುಕೊಂಡು, ಕೊಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು ನೋಡಿದರೆ ಹತ್ತಿರದ ಪಿಎಚ್‌ಸಿಯಲ್ಲೇ ಆಗುವ ಕೆಲಸ ಇದು. ಕಾಫಿ ಕೊಯ್ಲಿಗೆ ಕೊಡಗಿಗೋ, ಕಬ್ಬು ಕಡಿಯಲು ತಮಿಳುನಾಡಿಗೋ ಹೋಗುವ ಕುಟುಂಬಗಳಿಗೆ 21 ದಿನದ ಲೆಕ್ಕ ತಪ್ಪುವುದು ಅಲ್ಲೇ. ಹೊರಡುವ ಮೊದಲು ಇಂಜೆಕ್ಷನ್ ಕಾರ್ಡಿನ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಬೇರೆ ಜಿಲ್ಲೆಯ ನರ್ಸಮ್ಮನಿಗೂ ವಿಷಯ ತಿಳಿಯುತ್ತದೆ. ಗಂಟಲು ನೋವಿನ ಹಂತದಲ್ಲೇ ಡಾಕ್ಟರು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದಿದ್ದರೆ ಹತ್ತು ದಿನವೂ ನುಂಗಿಸಬೇಕು. ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧಿ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಡೆಯಬಹುದು.

ತಡವಾದರೆ ಏನು ಎಂಬುದು ನಮ್ಮ ದೇಶದ ವೈದ್ಯರಿಗೆ ಚೆನ್ನಾಗಿ ಗೊತ್ತು. ಬೇರೆ ದೇಶಗಳಲ್ಲಿ ಕವಾಟ ಕಿರಿದಾಗಲು ಇಪ್ಪತ್ತು ವರ್ಷವಾದರೂ ಹಿಡಿಯುತ್ತಿದ್ದ ಕಾಲದಲ್ಲಿ, ಇಲ್ಲಿ ಇಪ್ಪತ್ತು ತುಂಬುವ ಮೊದಲೇ ಕಿರಿದಾಗುತ್ತಿದೆ ಎಂದು ಎಸ್.ಬಿ. ರಾಯ್ ಮತ್ತು ಜೊತೆಯವರು 1963ರಲ್ಲೇ ಬರೆದಿದ್ದರು. ಕಿರಿದಾದ ಕವಾಟವನ್ನು ತೊಡೆಯ ರಕ್ತನಾಳದಿಂದ ಬಲೂನ್ ತೂರಿಸಿ ಹಿಗ್ಗಿಸುತ್ತಾರೆ. ಕೆಟ್ಟೇ ಹೋಗಿದ್ದರೆ ಹೊಸದು ಕೂರಿಸಬೇಕು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ತಯಾರಿಸಿ 1990ರಲ್ಲಿ ಮೊದಲ ಬಾರಿಗೆ ಕೂರಿಸಿದ ಕವಾಟ ಬಂದ ಮೇಲೆ ಖರ್ಚು ಎಷ್ಟೋ ಇಳಿಯಿತು. ಆದರೂ ಲೋಹದ ಕವಾಟ ಎಂದರೆ ಜೀವನಪೂರ್ತಿ ರಕ್ತ ತೆಳುಮಾಡುವ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಪೋಡಿನಲ್ಲಿದ್ದುಕೊಂಡು ಅದನ್ನು ನಡೆಸುವುದು ಸುಲಭವಲ್ಲ.

ಇನ್ನು ಊರಿನ ಹೆಸರು ಯಾಕೆ ಬರೆಯಲಿಲ್ಲ ಎಂಬುದು. “ಹೆಣ್ಣುಮಗ ಕಣಪ್ಪ, ಹೃದಯದ ಕಾಯ್ಲೆ ಅಂದ್ರೆ ನಾಳೆ ಯಾರು ಬತ್ತಾರ ಕೇಳಕ್ಕ? ಪೇಪರ್‌ಗೆ ಹಾಕ್ಬೇಡ” ಎಂದು ಅಕ್ಕ ಕೈಹಿಡಿದು ಹೇಳಿದ್ದಾಳೆ. ಊರು, ಹೆಸರು ಬೇಡ, ಕಾಯಿಲೆ ಮಾತ್ರ ಬರೆಯುತ್ತೇವೆ ಎಂದ ಮೇಲೆ ಒಪ್ಪಿದಳು. ಇಂಜೆಕ್ಷನ್‌ಗೆ ಹೋಗುವಾಗಲೂ ‘ರಕ್ತ ಕಮ್ಮಿ ಅದ, ಟಾನಿಕ್ ಹಾಕ್ಸಕ್ಕ’ ಎಂದು ನೆರೆಯವರಿಗೆ ಹೇಳುತ್ತಾಳೆ. ಅವಳ ಭಯ ಸುಳ್ಳೆಂದು ಹೇಳಲು ನಮ್ಮಿಂದ ಆಗುವುದಿಲ್ಲ. ಆದರೆ ಡಾಕ್ಟರಮ್ಮ ಇನ್ನೊಂದು ವಿಷಯವನ್ನೂ ಹೇಳಿದ್ದಾರೆ. ಎಷ್ಟೋ ಹೆಣ್ಣುಮಕ್ಕಳಿಗೆ ಕವಾಟದ ಕಾಯಿಲೆ ಇದೆ ಎಂದು ಮೊದಲು ತಿಳಿಯುವುದು ಬಸುರಿನಲ್ಲಿ. ಮೈಯಲ್ಲಿ ರಕ್ತದ ಪ್ರಮಾಣ ಏರಿ, ಕಿರಿದಾದ ಕವಾಟ ತಾಳದೆ, ಆರೇಳು ತಿಂಗಳ ಹೊತ್ತಿಗೆ ಉಸಿರು ಕಟ್ಟುತ್ತದೆ. ‘ಬಸುರಿಗೆ ಏದುಸಿರು ಇದ್ದದ್ದೇ’ ಎಂದು ಸುಮ್ಮನಾಗುತ್ತಾರೆ. ಮುಂದೆ ಮದುವೆಯಾಗಿ ಗರ್ಭಿಣಿಯಾದರೆ ಮೊದಲ ತಪಾಸಣೆಯಲ್ಲೇ ಈ ವಿಷಯ ಹೇಳಬೇಕು, ಆಗಲೂ ಪೆನಿಸಿಲಿನ್ ನಿಲ್ಲಿಸುವಂತಿಲ್ಲ ಎಂದಿದ್ದಾರೆ. ಹಾಗಾದರೆ ಗಂಡನ ಮನೆಯವರಿಗೆ ಗೊತ್ತಾಗಲೇಬೇಕಲ್ಲ ಎಂದು ಅಕ್ಕ ಕೇಳಿದಳು. ಹೌದು, ಮದುವೆಗೆ ಮೊದಲೇ ಗೊತ್ತಾಗಬೇಕು ಅಂದರು.

ಅಕ್ಕ ಇನ್ನೂ ಒಪ್ಪಿಲ್ಲ. ಒಪ್ಪಲು ಹತ್ತು ವರ್ಷ ಟೈಮಿದೆ ಅನ್ನುತ್ತಾಳೆ. ಕಾರ್ಡನ್ನು ಮಾತ್ರ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ, ಇಲ್ಲಿಯವರೆಗೆ ಒಂದು ತಾರೀಕೂ ತಪ್ಪಿಸಿಲ್ಲ.